ಲೆಪರ್ಡ್ ಗೆಕೊ ಮೊಟ್ಟೆ ಇಡದೆ ಬರೀ ಕೆರೆಯುತ್ತಿದ್ದರೆ

ನಿಮ್ಮ ಲೆಪರ್ಡ್ ಗೆಕೊಗೆ, ಅಂದರೆ ನೀವು ಸಾಕಿದ ಹಲ್ಲಿಗೆ, ಬಹುಶಃ ಮೊಟ್ಟೆ ಇಡಲು ಹಸಿ ಜಾಗ ಸಿಕ್ಕಿಲ್ಲ. ಗೂಡಿನ ಟೈಲ್ಸ್ ಮೂಲೆ ಕೆರೆಯುತ್ತಿದೆ, ಊಟ ಬಿಟ್ಟಿದೆ, ಹೊಟ್ಟೆಯಲ್ಲಿ ಎರಡು ಬಿಳಿ ಉಂಡೆ ಕಾಣುತ್ತಿವೆ ಅಂದಿರಿ, ಅಲ್ವಾ? ಗಂಡು ಜೊತೆಗಿಲ್ಲದಿದ್ದರೂ ಹೆಣ್ಣು ಮೊಟ್ಟೆ ಇಡಬಹುದು. ಪುಣೆಯ ಏಪ್ರಿಲ್ ಬಿಸಿಲಿಗೆ ನೀವು ಚಿಮುಕಿಸಿದ ನೀರು ಮಧ್ಯಾಹ್ನದೊಳಗೆ ಆರಿಹೋಗುತ್ತದೆ.

ಇವತ್ತೇ ಹೀಗೆ ಮಾಡಿ. ಒಳಗೆ ಆರಾಮಾಗಿ ತಿರುಗುವಷ್ಟು ದೊಡ್ಡ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ. ಬದಿಯಲ್ಲಿ ಗೆಕೊ ಒಳಹೋಗುವಷ್ಟು ತೂತು ಕೊರೆದು ಅಂಚು ಉಜ್ಜಿ ನುಣುಪು ಮಾಡಿ. ನರ್ಸರಿಯಿಂದ ಗೊಬ್ಬರ ಬೆರೆಸದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತಂದು, ನೆನೆಸಿ, ಹಿಂಡಿ, ನಾಲ್ಕು ಇಂಚು ತುಂಬಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಬೆರಳಿನಿಂದ ಒಂದು ಗುಳಿ ತೋಡಿ ನೋಡಿ. ಕುಸಿಯದೆ ನಿಂತರೆ ಹದ ಸರಿ. ಡಬ್ಬಿ ಗೂಡಿನ ಬೆಚ್ಚಗಿನ ಬದಿಯಲ್ಲಿರಲಿ, 28ರಿಂದ 30 ಡಿಗ್ರಿ ಸಾಕು. ನೀರು, ಕ್ಯಾಲ್ಸಿಯಂ ಪುಡಿ ಹತ್ತಿರವೇ ಇಡಿ. ಆಮೇಲೆ ಸುಮ್ನೆ ಬಿಟ್ಟುಬಿಡಿ. ಪದೇ ಪದೇ ಮುಚ್ಚಳ ತೆಗೆದರೆ ಅದು ಹೆದರಿ ಇಡುವುದನ್ನೇ ಮುಂದೂಡುತ್ತದೆ.

ಮೊಟ್ಟೆ ಒಳಗೇ ಸಿಕ್ಕಿಕೊಂಡಿದೆಯೋ ಇಲ್ಲವೋ ಫೋಟೊ ನೋಡಿ ಹೇಳಲಾಗದು. ಮಂಕಾಗಿ ಬಿದ್ದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ತಿಣುಕಿದರೂ ಮೊಟ್ಟೆ ಬಾರದಿದ್ದರೆ, ಅಥವಾ ಒಂದು ಬಂದು ಇನ್ನೊಂದು ಉಳಿದರೆ ಕಾಯಬೇಡಿ. ಹೊಟ್ಟೆ ಮಾತ್ರ ಒತ್ತಲೇಬೇಡಿ, ಮೊಟ್ಟೆ ಒಳಗೆ ಒಡೆದರೆ ಜೀವಕ್ಕೇ ಅಪಾಯ. ನೇರ ವೆಟ್ (ಪಶುವೈದ್ಯರು) ಹತ್ತಿರ ಹೋಗಿ ಎಕ್ಸ್‌ರೇ ಮಾಡಿಸಿ. ಸರೀಸೃಪ ನೋಡುತ್ತಾರಾ ಅಂತ ಈಗಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ, ನಾಯಿ ಬೆಕ್ಕು ಮಾತ್ರ ನೋಡುವವರೇ ಜಾಸ್ತಿ.