ಹಿಂಜ್ ಇರುವ ಬ್ರೇಸನ್ನು ಅಂಗಡಿಯವರು ಹಾಕಬಹುದಾ?

ಮಂಡಿಯ ಲಿಗಮೆಂಟ್ ಆಪರೇಷನ್ ಆಗಿದೆ, ಹಿಂಜ್ (ಬಾಗಿಲಿನ ತಿರುಗಣಿಯಂಥದ್ದು) ಇರುವ ಬ್ರೇಸನ್ನು, ಅಂದರೆ ಮಂಡಿಗೆ ಕಟ್ಟುವ ಆಸರೆಯನ್ನು, ಅಂಗಡಿಯವರೇ ಅಳತೆ ನೋಡಿ ಹಾಕಿಕೊಡುತ್ತೇವೆ ಎನ್ನುತ್ತಿದ್ದಾರೆ, ಅದಕ್ಕೂ ಲೈಸೆನ್ಸ್ ಇರುವವರೇ ಬೇಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಬೇಕು. ಎಲ್ಲ ಬ್ರೇಸಿಗೂ ಅಲ್ಲ. ಉಳುಕಿದ ಮಣಿಕಟ್ಟಿಗೆ ಸುತ್ತುವ ಎಲಾಸ್ಟಿಕ್ ಪಟ್ಟಿಗೂ ಲೈಸೆನ್ಸ್ ಕೇಳಿದರೆ ಸುಮ್ನೆ ಖರ್ಚು ಜಾಸ್ತಿ, ಅಷ್ಟೇ.

ಹಿಂಜ್ ಇರುವುದರ ಕಥೆ ಬೇರೆ. ಅದು ಕೀಲು ಮಡಚುವ ಜಾಗಕ್ಕೇ ಕೂರಬೇಕು, ಅಂದಾಜು ಮಂಡಿಚಿಪ್ಪಿನ ನಡುಮಟ್ಟಕ್ಕೆ. ಕೆಳಗೆ ಜಾರಿದರೆ ಕಾಲು ಒಂದು ಕಡೆ ಮಡಚುತ್ತದೆ, ಬ್ರೇಸ್ ಇನ್ನೊಂದು ಕಡೆ ಎಳೆಯುತ್ತದೆ. ಇನ್ನು ಮಂಡಿಯ ಹೊರಬದಿಯಲ್ಲಿ, ತುಸು ಕೆಳಗೆ, ಒಂದು ಮೂಳೆಯ ಗಂಟು ಕೈಗೆ ಸಿಗುತ್ತದಲ್ವಾ, ಅದನ್ನು ಸುತ್ತಿಕೊಂಡು ಒಂದು ನರ ಚರ್ಮದ ಕೆಳಗೇ ಹೋಗುತ್ತದೆ. ಪಟ್ಟಿ ಅಲ್ಲಿ ಒತ್ತಿದರೆ ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ, ಹಾಗೇ ಬಿಟ್ಟರೆ ಪಾದ ಎತ್ತುವುದೂ ಕಷ್ಟವಾಗಬಹುದು. ಶುಗರ್‌ನಿಂದ ಕಾಲಿನ ಸ್ಪರ್ಶ ಕಮ್ಮಿಯಾದವರಿಗಂತೂ ಒತ್ತುತ್ತಿರುವುದೇ ಗೊತ್ತಾಗುವುದಿಲ್ಲ.

ನನಗೆ ಒಬ್ಬರು ಕೂರಿಸಿಯೇ ಪಟ್ಟಿ ಬಿಗಿದು ಕಳಿಸಿದ್ದರು. ಎದ್ದು ನಾಲ್ಕು ಹೆಜ್ಜೆ ನಡೆಸಲೇ ಇಲ್ಲ. ಮೆಟ್ಟಿಲು ಇಳಿಯುವಷ್ಟರಲ್ಲಿ ಬ್ರೇಸ್ ಮೀನಖಂಡಕ್ಕೆ ಬಂದಿತ್ತು! ಆಮೇಲೆ ಆರ್ಥೋಟಿಸ್ಟ್ (ಬ್ರೇಸ್ ಅಳತೆ ನೋಡಿ ಹಾಕುವುದರಲ್ಲಿ ತರಬೇತಿ ಪಡೆದವರು) ಹತ್ತಿರ ಹೋದೆ, ಅವರು ನಿಲ್ಲಿಸಿ, ನಡೆಸಿ, ಬಿಚ್ಚಿ ಚರ್ಮ ನೋಡಿದರು. ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಸದಿದ್ದರೆ ವಾಪಸ್ ಬನ್ನಿ ಎಂದರು.

ಲೈಸೆನ್ಸ್ ಇದ್ದ ಮಾತ್ರಕ್ಕೆ ಕೈ ಪಳಗಿರುತ್ತದೆ ಅಂತಲ್ಲ. ಆದರೆ ತಪ್ಪಾದರೆ ದೂರು ಕೊಡಲು ಒಂದು ಜಾಗ ಇರುತ್ತದೆ. ತರಬೇತಿ ಇರುವ ಫಿಸಿಯೋಥೆರಪಿಸ್ಟ್ ಆದರೂ ಸರಿ. ಹಿಂಜನ್ನು ಎಷ್ಟು ಡಿಗ್ರಿಗೆ ಲಾಕ್ ಮಾಡಬೇಕು, ಅಂದರೆ ಮಂಡಿಯನ್ನು ಎಷ್ಟು ಮಡಚಲು ಬಿಡಬೇಕು, ಅನ್ನುವುದನ್ನು ಮಾತ್ರ ನಿಮ್ಮ ಸರ್ಜನ್ ಹತ್ತಿರ ಬರೆಸಿಕೊಂಡೇ ಹೋಗಿ.