ಕದ್ದ ದನಿ ಕೇಳುಗರಿಗೆ ತಿಳಿಯುವುದು ಹೇಗೆ?

ಪ್ರಶ್ನೆ: ಆರು ಕಂತುಗಳ ವೈಜ್ಞಾನಿಕ ಧ್ವನಿನಾಟಕ ಮಾಲೆ ಮಾಡುತ್ತಿದ್ದೇವೆ. ಪ್ರತಿ ಕಂತಿನಲ್ಲೂ ಬೇರೆ ಕಥೆ, ಆದರೆ ಎಲ್ಲದರಲ್ಲೂ ಒಬ್ಬರ ನೆನಪು, ಹೆಸರು, ದನಿ ಕದ್ದು ಇನ್ನೊಬ್ಬರು ಅವರಾಗಿ ಬದುಕುತ್ತಾರೆ. ಅಸಲಿ, ನಕಲಿ ಎರಡೂ ಪಾತ್ರ ಒಬ್ಬ ನಟಿಯದೇ. ನಕಲಿಯ ದನಿಗೆ ಎಫೆಕ್ಟ್ ಹಾಕಿದರೆ ಯಂತ್ರ ಮಾತಾಡಿದಂತಿದೆ. ಏನು ಮಾಡಬೇಕು?

ಉತ್ತರ: ಎಫೆಕ್ಟ್ ತೆಗೆದುಬಿಡಿ. ಸಾದಾ ಪಿಚ್ (ಸ್ವರದ ಎತ್ತರ) ಬದಲಾವಣೆಯಲ್ಲಿ ಸ್ವರದ ಜೊತೆಗೆ ಗಂಟಲು, ಬಾಯಿಯ ಅನುರಣನವೂ ಜಾರುತ್ತದೆ. ಕಿವಿಗೆ ಅದು ಬೇರೆ ಗಾತ್ರದ ದೇಹ. ಮೊದಲ ಮಾತಿಗೇ ಕಳ್ಳಿ ಸಿಕ್ಕಿಬಿದ್ದರೆ ಮುಂದೆ ಕೇಳಲು ಏನು ಉಳಿಯಿತು?

ವ್ಯತ್ಯಾಸ ಮಾತಿನ ಒಳಗಿರಲಿ. ಮೊದಲ ಎರಡು ನಿಮಿಷದಲ್ಲೇ ಅಸಲಿಯ ಎರಡು ಮೂರು ರೂಢಿಗಳನ್ನು ಕಿವಿಗೆ ಹಾಕಿ. ಉದಾಹರಣೆಗೆ, ಅವಳು ಅಜ್ಜಿಗೆ ಸಲುಗೆಯಿಂದ 'ನೀನು' ಅನ್ನುತ್ತಾಳೆ. ಎಲ್ಲ ನೆನಪೂ ಕದ್ದವಳು 'ನೀವು' ಅನ್ನುತ್ತಾಳೆ. ಅಜ್ಜಿ ಅರೆಕ್ಷಣ ಸುಮ್ಮನಾದರೆ ಸಾಕು, ವಿವರಣೆ ಬೇಡ.

ಇದಕ್ಕಿಂತ ಗಟ್ಟಿಯಾದ ಉಪಾಯ ಕಥೆ ಹೇಳುವುದರಲ್ಲೇ ಇದೆ. ಬಾಲ್ಯದ ಘಟನೆಯನ್ನು ಅಸಲಿ ಎರಡು ಸಲ ಹೇಳಲಿ, ಎರಡನೇ ಸಲ ಒಂದಿಷ್ಟು ಮರೆತು, ಒಂದಿಷ್ಟು ಸೇರಿಸಿ. ನಕಲಿಯ ಬಾಯಲ್ಲಿ ಅದೇ ಕಥೆ ಬಂದಾಗ ಹೊಸದಾಗಿ ರೆಕಾರ್ಡ್ ಮಾಡಬೇಡಿ. ಅಸಲಿಯ ಮೊದಲ ಟೇಕನ್ನೇ ಉಸಿರಿನ ಸಮೇತ ಇಟ್ಟುಬಿಡಿ. ಪದ ಮರೆತರೂ ಆ ಉಸಿರನ್ನು ಕಿವಿ ಗುರುತಿಸುತ್ತದೆ. ಇಲ್ಲಿ ಕೆಡುವುದು ಹಿನ್ನೆಲೆ: ಹಳೆಯ ಟೇಕಿನ ಕೋಣೆ ಬೇರೆಯಾಗಿ ಕೇಳಿದರೆ ಅಂಟಿಸಿದ್ದು ತಿಳಿದುಬಿಡುತ್ತದೆ. ಪ್ರತಿ ರೆಕಾರ್ಡಿಂಗಿನ ಕೊನೆಗೆ ಯಾರೂ ಮಾತಾಡದೆ 30 ಸೆಕೆಂಡ್ ಕೋಣೆಯ ಮೌನ ಹಿಡಿದು, ಜೋಡಣೆಯ ಕೆಳಗೆ ಹಾಸಿ.

ಇಬ್ಬರೂ ಎದುರಾಗುವ ದೃಶ್ಯಕ್ಕೆ ಮೊದಲು ಅಸಲಿಯ ಮಾತು ಪೂರ್ತಿ ಮುಗಿಸಿ. ನಟಿ ಅದನ್ನು ಮುಚ್ಚಿದ ಹೆಡ್‌ಫೋನಿನಲ್ಲಿ ಕೇಳುತ್ತಾ ನಕಲಿಯ ಮಾತು ಆಡಲಿ. ಅಸಲಿಗೆ ಮೈಕಿನಿಂದ ಸುಮಾರು 15 ಸೆಂ.ಮೀ., ನಕಲಿಗೆ 30. ಕಾರ್ಡಿಯಾಯ್ಡ್ ಮೈಕ್ (ಮುಖ್ಯವಾಗಿ ಎದುರಿನ ದನಿ ಹಿಡಿಯುವ ಮೈಕ್) ಹತ್ತಿರದ ದನಿಗೆ ಮಂದ್ರ ತುಂಬುವುದರಿಂದ ಅಸಲಿ ಕಿವಿಯ ಪಕ್ಕದಲ್ಲೇ ಇದ್ದಂತಾಗುತ್ತದೆ. ಒಬ್ಬಳನ್ನು ಪೂರ್ತಿ ಎಡಕ್ಕೆ, ಇನ್ನೊಬ್ಬಳನ್ನು ಪೂರ್ತಿ ಬಲಕ್ಕೆ ತಳ್ಳಬೇಡಿ. ಒಂದೇ ಕಿವಿಗೆ ಇಯರ್‌ಫೋನ್ ಹಾಕಿದವರಿಗೆ ಅರ್ಧ ನಾಟಕವೇ ಇರುವುದಿಲ್ಲ.

ಪ್ರಶ್ನೆ: ನಿರೂಪಕನೇ ಕಳ್ಳ ಎಂದು ಕೊನೆಗೆ ತಿಳಿದರೆ ಕೇಳುಗರಿಗೆ ಮೋಸವಲ್ಲವೇ?

ಉತ್ತರ: ಸುಳಿವು ಕೊಟ್ಟಿದ್ದರೆ ಮೋಸವಲ್ಲ. 1938ರ ಅಕ್ಟೋಬರ್ 30ರಂದು ನಟ, ನಿರ್ದೇಶಕ ಆರ್ಸನ್ ವೆಲ್ಸ್ ತಂಡ ಅಮೆರಿಕದ ಸಿಬಿಎಸ್ ರೇಡಿಯೋದಲ್ಲಿ ಮಂಗಳ ಗ್ರಹದವರ ದಾಳಿಯ ನಾಟಕ ಆಡಿತು. ಸಂಗೀತದ ನಡುವೆ ಸುದ್ದಿ ನುಗ್ಗುವಂತೆ ಹೆಣೆದು, ನಾಟಕ ಸುದ್ದಿವಾಚಕನ ಗತ್ತನ್ನೇ ತೊಟ್ಟುಕೊಂಡಿತ್ತು. ಆದರೂ ಇದು ನಾಟಕವೆಂದು ಆರಂಭದಲ್ಲೇ ಹೇಳಿದ್ದರು. ನಿಮ್ಮ ನಿರೂಪಕನೂ ಮೊದಲ ಕಂತಿನಲ್ಲೇ, ತಾನು ಇಲ್ಲದ ಕೋಣೆಯ ಒಂದು ವಿವರವನ್ನು ಮಾತಿನ ಮಧ್ಯೆ ಜಾರಿಸಲಿ. ಎರಡನೇ ಸಲ ಕೇಳುವವರಿಗೆ ಅದು ಸಿಗುತ್ತದೆ.

ಪ್ರಶ್ನೆ: ನಕಲಿಗೆ ನಟಿಯ ದನಿಯ ಎಐ ಪ್ರತಿ ಬಳಸಬಹುದೇ?

ಉತ್ತರ: ಅವರ ಲಿಖಿತ ಒಪ್ಪಿಗೆಯಿಲ್ಲದೆ ಖಂಡಿತ ಬೇಡ. ಯಾವ ಕಂತು, ಎಷ್ಟು ಕಾಲ, ಮಾದರಿಯನ್ನು ಯಾವಾಗ ಅಳಿಸುತ್ತೀರಿ, ಎಲ್ಲವೂ ಆ ಪತ್ರದಲ್ಲಿರಲಿ. ನೀವು ಹೇಳಹೊರಟಿರುವ ಕಥೆಯೇ ಕದ್ದ ದನಿಯದು.

ಪ್ರಶ್ನೆ: ಒಂದು ಕಂತು ಜೋರು, ಇನ್ನೊಂದು ಮೆಲ್ಲಗೆ ಕೇಳುತ್ತದೆ.

ಉತ್ತರ: ಮಿಶ್ರಣ ಮುಗಿದ ಮೇಲೆ ಪ್ರತಿ ಕಂತನ್ನೂ ಅಳೆದು ಸ್ಟೀರಿಯೋದಲ್ಲಿ -16 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಒಟ್ಟಾರೆ ಎಷ್ಟು ಜೋರು ಎನ್ನುವ ಅಳತೆ) ತನ್ನಿ, ಟ್ರೂ ಪೀಕ್ (ದನಿ ಮುಟ್ಟುವ ನಿಜವಾದ ಗರಿಷ್ಠ ಮಟ್ಟ) -1 ಡೆಸಿಬೆಲ್ ದಾಟದಿರಲಿ. ಪಿಸುಮಾತಿನ ದೃಶ್ಯವನ್ನು ಮಾತ್ರ ಬೇರೆಯಾಗಿ, ಫೋನಿನ ಸ್ಪೀಕರಿನಲ್ಲಿ ಕೇಳಿ ನೋಡಿ.