0.17 ಅಥವಾ 0.30: ಯಾವ ಮೆಟಾ ಅನಾಲಿಸಿಸ್ ನಂಬುವುದು?

ಪ್ರಶ್ನೆ: ಉದ್ಯೋಗ ತೃಪ್ತಿಗೂ ಕಾರ್ಯಕ್ಷಮತೆಗೂ ಇರುವ ಸಂಬಂಧದ ಮೇಲೆ ಮೆಟಾ ಅನಾಲಿಸಿಸ್ (ಹಲವು ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸುವ ವಿಶ್ಲೇಷಣೆ) ಮಾಡಲು ಹೊರಟಿದ್ದೇನೆ. 1985ರ ಪ್ರಸಿದ್ಧ ವಿಶ್ಲೇಷಣೆಯೊಂದು ಸಹಸಂಬಂಧವನ್ನು (0 ಎಂದರೆ ಸಂಬಂಧವಿಲ್ಲ, 1 ಎಂದರೆ ಪೂರ್ಣ ಸಂಬಂಧ) 0.17 ಎನ್ನುತ್ತದೆ, 2001ರದ್ದು 0.30 ಎನ್ನುತ್ತದೆ. ಯಾವುದನ್ನು ನಂಬಲಿ?
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಈ ಅಂತರ ಹುಟ್ಟಿದ್ದು ಕೂಡುವ ಕಳೆಯುವ ಲೆಕ್ಕದಲ್ಲಲ್ಲ, ಅದಕ್ಕೂ ಮೊದಲು ಸಂಶೋಧಕರು ಕೈಗೊಂಡ ತೀರ್ಮಾನಗಳಲ್ಲಿ. 1985ರಲ್ಲಿ ಅಯಫಲ್ಡಾನೊ ಮತ್ತು ಮುಚಿನ್‌ಸ್ಕಿ ಅವರು ಸಂಬಳ, ಮೇಲಧಿಕಾರಿ, ಸಹೋದ್ಯೋಗಿಗಳು ಎಂದು ಒಂದೊಂದು ಅಂಶದ ತೃಪ್ತಿಯನ್ನೂ ಬಿಡಿಬಿಡಿಯಾಗಿ ಹಿಡಿದು ಸರಾಸರಿ ತೆಗೆದರು. 2001ರಲ್ಲಿ ಟಿಮೊತಿ ಜಡ್ಜ್ ಮತ್ತು ಸಂಗಡಿಗರು 312 ಮಾದರಿಗಳನ್ನು ಕಲೆಹಾಕುವಾಗ ಆ ಅಂಶಗಳನ್ನು ಕೂಡಿಸಿ ಒಟ್ಟಾರೆ ತೃಪ್ತಿಯ ಅಳತೆಯಾಗಿ ಮಾಡಿಕೊಂಡರು. ನಿಮ್ಮ ಪ್ರಶ್ನೆ ಒಟ್ಟಾರೆ ತೃಪ್ತಿಯದ್ದಾದರೆ ಎರಡನೆಯ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಹೆಚ್ಚು ವಿವಾದವಿರುವುದು ಅಳತೆಯ ದೋಷವನ್ನು ತಿದ್ದುವ ಕ್ರಮದಲ್ಲಿ. ಅಳತೆಯಲ್ಲಿ ದೋಷವಿದ್ದಷ್ಟೂ ಸಹಸಂಬಂಧ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಆ ಕೊರತೆಯನ್ನು ಲೆಕ್ಕದಲ್ಲಿ ತುಂಬುವುದೇ ತಿದ್ದುಪಡಿ. ಜಡ್ಜ್ ತಂಡಕ್ಕೆ ಸಿಕ್ಕ ಕಚ್ಚಾ (ತಿದ್ದುವ ಮೊದಲಿನ) ಸರಾಸರಿ ಬರೀ 0.18. ಒಬ್ಬನೇ ನೌಕರನಿಗೆ ಇಬ್ಬರು ಮೇಲಧಿಕಾರಿಗಳು ಕೊಡುವ ಅಂಕಗಳ ಹೊಂದಾಣಿಕೆಯನ್ನು ವಿಶ್ವಾಸಾರ್ಹತೆಯ (ಅಳತೆ ಎಷ್ಟು ದೋಷರಹಿತ ಎಂಬುದರ) ಅಳತೆಗೋಲಾಗಿಸಿ, ಅದನ್ನು 0.52 ಎಂದು ಹಿಡಿದು, ತೃಪ್ತಿಯ ಅಳತೆಯ ದೋಷವನ್ನೂ ಸೇರಿಸಿ ತಿದ್ದಿದಾಗ ಅದು 0.30ಕ್ಕೆ ಏರಿತು. 1985ರವರೂ ತಿದ್ದಿದ್ದರು, ಆದರೆ ಪ್ರಶ್ನಾವಳಿಯೊಳಗಿನ ಸುಸಂಗತಿಯನ್ನು, ಅಂದರೆ ಅದರ ಪ್ರಶ್ನೆಗಳಿಗೆ ಬಂದ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದನ್ನು ಆಧರಿಸಿ. ಅದು ಸಾಮಾನ್ಯವಾಗಿ ಹೆಚ್ಚಿರುವುದರಿಂದ ತಿದ್ದುಪಡಿ ಚಿಕ್ಕದಾಯಿತು. ಇಬ್ಬರು ಅಧಿಕಾರಿಗಳ ಭಿನ್ನಾಭಿಪ್ರಾಯವೆಲ್ಲ ದೋಷವಲ್ಲ, ಅವರು ನೌಕರನ ಬೇರೆ ಬೇರೆ ಮುಖಗಳನ್ನು ಕಂಡಿರಬಹುದು ಎಂದು ಸಂಶೋಧಕರಾದ ಮರ್ಫಿ ಮತ್ತು ಡಿಶಾನ್ 2000ದಲ್ಲೇ ಆಕ್ಷೇಪಿಸಿದ್ದರು. ಆ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭವಲ್ಲ. ತಿದ್ದುಪಡಿ ಅತಿಯಾಗುವ ಅಪಾಯಕ್ಕೆ ನೇಮಕಾತಿ ಸಂಶೋಧನೆಯಲ್ಲೂ ನಿದರ್ಶನವಿದೆ: ಬುದ್ಧಿಶಕ್ತಿ ಪರೀಕ್ಷೆಗೂ ಕಾರ್ಯಕ್ಷಮತೆಗೂ ಇರುವ ಸಹಸಂಬಂಧವೆಂದು 1998ರಲ್ಲಿ ಕೊಟ್ಟಿದ್ದ 0.51, ತಿದ್ದುಪಡಿಗಳನ್ನು ಸ್ಯಾಕೆಟ್ ತಂಡ 2022ರಲ್ಲಿ ಮರುಪರಿಶೀಲಿಸಿದಾಗ 0.31ಕ್ಕೆ ಇಳಿಯಿತು.

ಆದ್ದರಿಂದ ಕಚ್ಚಾ ಅಂಕಿಯನ್ನೂ ತಿದ್ದಿದ ಅಂಕಿಯನ್ನೂ ಅಕ್ಕಪಕ್ಕದಲ್ಲೇ ಕೊಡಿ, ಯಾವ ವಿಶ್ವಾಸಾರ್ಹತೆಯನ್ನು ಏಕೆ ಬಳಸಿದಿರೆಂದು ಬರೆಯಿರಿ. ಸರಾಸರಿಗಿಂತ ಹರವು ಮುಖ್ಯ: 2001ರ ಅಧ್ಯಯನದಲ್ಲೇ ನಿಜವಾದ ಸಹಸಂಬಂಧಗಳಲ್ಲಿ ಶೇ 80ರಷ್ಟು 0.03ರಿಂದ 0.57ರವರೆಗೆ ಹರಡಿವೆ ಎಂಬ ಅಂದಾಜಿದೆ, ಆದರೆ ಉಲ್ಲೇಖಿಸುವವರು 0.30 ಒಂದನ್ನೇ ಎತ್ತಿಕೊಳ್ಳುತ್ತಾರೆ. ಕೆಲಸ ಜಟಿಲವಾದಷ್ಟೂ ಸಂಬಂಧ ಬಲವಾಗುತ್ತದೆಂಬುದು ಅದೇ ಅಧ್ಯಯನದ ಇನ್ನೊಂದು ಫಲಿತಾಂಶ. ನಿಮ್ಮ ಮಾದರಿಗಳನ್ನು ಉದ್ಯೋಗದ ಬಗೆಗೆ ತಕ್ಕಂತೆ ಮೊದಲೇ ವಿಂಗಡಿಸಿಕೊಂಡರೆ ಆ ಹರವಿಗೆ ಕಾರಣ ಹುಡುಕಬಹುದು.

ಸಂಬಂಧವೇ ಕಾಣದ ಅಧ್ಯಯನಗಳು ಪತ್ರಿಕೆಗಳಲ್ಲಿ ಬರುವುದು ಕಡಿಮೆಯಾದ್ದರಿಂದ, ಶೋಧಗಂಗಾದಲ್ಲಿರುವ (ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳ ಆನ್‌ಲೈನ್ ಭಂಡಾರ) ಪಿಎಚ್‌ಡಿ ಪ್ರಬಂಧಗಳನ್ನೂ ತಪ್ಪದೆ ಜಾಲಾಡಿ.